ಕಬ್ಬಿಣದ ಬಾಣಲೆ

ಅಡಿಗೆಯ ಮನೆಯ ಪಾತ್ರೆಗಳಲ್ಲಿ ಹೆಚ್ಚು ದುಡಿದು ಕಡಿಮೆ ಮರ್ಯಾದೆ ಪಡೆದುದು ಯಾವುದೆಂದು ಕೇಳಿದರೆ, ಕಬ್ಬಿಣದ ಬಾಣಲೆಯೆಂದೇ ನಾವು ಹೇಳುವೆವು. ಹಿತ್ತಾಳೆಯ ಕೊಡವನ್ನು ಹುಣಿಸೆಹಣ್ಣಿನಿಂದ ತಿಕ್ಕಿ ಹೊಳೆಯಿಸುವರು. ಬೆಳ್ಳಿಯ ಬಟ್ಟಲನ್ನು ಪೆಟ್ಟಿಗೆಯಲ್ಲಿಟ್ಟು ಕಾಯುವರು. ಕರಿಯ ಬಾಣಲೆಯನ್ನು ಮಾತ್ರ ಮೂಲೆಯಲ್ಲಿ ಬೋರಲು ಹಾಕಿ ಮರೆಯುವರು. ಈಚೆಗಂತೂ ಅದು ಗುಜರಿಯವನ ತಕ್ಕಡಿಯೇರಿ, ಅದರ ಸ್ಥಾನದಲ್ಲಿ ಹಗುರಾದ ಅಲ್ಯೂಮಿನಿಯಮ್ ಪಾತ್ರೆಯೂ ಅಂಟದ ಲೇಪವುಳ್ಳ ತವೆಯೂ ಬಂದು ಕುಳಿತಿರುವುವು. ಈ ತಿಂಗಳು ಆ ಬಾಣಲೆಯ ಪಕ್ಷವನ್ನು ವಹಿಸಿ ನಾಲ್ಕು ಮಾತು ಹೇಳಬೇಕೆಂದಿರುವೆವು.

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳು ಜೋಳ ತೊಗರಿಗಳ ನಾಡು. ಬೆಳಗಾಗುತ್ತಲೇ ಕಳೆ ತೆಗೆಯಲು ಹೊಲಕ್ಕೆ ಹೋಗತಕ್ಕ ಹೆಣ್ಣುಮಗಳಿಗೆ ನಾಲ್ಕು ಪಾತ್ರೆಯ ಅಡಿಗೆಗೆ ಅವಕಾಶವೆಲ್ಲಿಯದು? ರೊಟ್ಟಿ ಬಡಿದು, ಒಂದೇ ಬಾಣಲೆಯಲ್ಲಿ ಪುಂಡಿಯ ಪಲ್ಯವನ್ನು ಕುದಿಸಿ, ಬುತ್ತಿ ಕಟ್ಟಿಕೊಂಡು ನಡೆಯುವಳು. ಪುಂಡಿ ಹುಳಿಸೊಪ್ಪಾದುದರಿಂದ ಆ ಪಲ್ಯವು ಬಿಸಿಲಿನಲ್ಲಿಯೂ ಮಧ್ಯಾಹ್ನದವರೆಗೆ ಕೆಡದೆ ನಿಲ್ಲುವುದು. ನೆರೆಯ ಮುಸಲ್ಮಾನ ಬಂಧುಗಳು ಇದೇ ಸೊಪ್ಪನ್ನು ಅಂಬಾಡಾ ಎಂದು ಕರೆದು, ಬೇಳೆಯ ಬದಲು ಮಾಂಸವನ್ನು ಹಾಕಿ ಬೇಯಿಸುವರು. ಸೊಪ್ಪೂ ಖಾರವೂ ಒಂದೇ. ಜೊತೆಗೂಡುವ ಪದಾರ್ಥ ಮಾತ್ರ ಬೇರೆ.

ಭೂಮಿಯ ಆಚೆಯ ಮಗ್ಗುಲಲ್ಲಿ ಕೆರಿಬಿಯನ್ ಸಮುದ್ರದ ಜಮೈಕಾ, ಟ್ರಿನಿಡಾಡ್ ಮೊದಲಾದ ದ್ವೀಪಗಳಿರುವುವು. ಅಲ್ಲಿನ ರೀತಿಯಂತೆ ದನದ ಮಾಂಸಕ್ಕೆ ಖಾರವನ್ನೂ ಮಸಾಲೆಯನ್ನೂ ಸವರಿ, ಈರುಳ್ಳಿ ದೊಣ್ಣಮೆಣಸಿನಕಾಯಿಗಳೊಡನೆ ಎರಕದ ಕಬ್ಬಿಣದ ಬಾಣಲೆಯಲ್ಲಿ ಬಾಡಿಸುವ ಒಂದು ಪಾಕವುಂಟು. ನಮ್ಮ ಓದುಗರಲ್ಲಿ ಅನೇಕರು ಅದನ್ನು ಮುಟ್ಟರು. ಮುಟ್ಟಬೇಕೆಂದು ನಾವು ಹೇಳುವುದೂ ಇಲ್ಲ. ಆದರೆ ಆ ಬಾಣಲೆಗೂ ನಮ್ಮ ಬಾಣಲೆಗೂ ಇರುವ ನಂಟನ್ನು ತಿಳಿಯುವುದರಲ್ಲಿ ದೋಷವಿಲ್ಲವಷ್ಟೆ.

1492ರಲ್ಲಿ ಕೊಲಂಬಸನು ಆ ದ್ವೀಪಗಳನ್ನು ಸೇರುವ ಮೊದಲು ನಮ್ಮ ದೇಶದಲ್ಲಿ ಮೆಣಸಿನಕಾಯಿಯೇ ಇರಲಿಲ್ಲ. ಪೋರ್ಚುಗೀಸರು ಅದನ್ನು ಪಡುವಣ ಕರಾವಳಿಗೆ ತಂದದ್ದು ಹದಿನಾರನೆಯ ಶತಮಾನದಲ್ಲಿ. ಆಳಂದದ ನೆರೆಯ ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಶಾಕಪಾಕ, ಮಾಂಸಪಾಕಗಳೆರಡರ ವರ್ಣನೆಯೂ ಉಂಟು. ಅಲ್ಲಿ ಖಾರಕ್ಕೆ ಕರಿಮೆಣಸು, ಶುಂಠಿಗಳೇ ಗತಿ. ಹೊಸ ಕಾಯಿ ಬಂದಾಗ ನಮ್ಮವರು ಹಳೆಯ ಮೆಣಸಿನ ಹೆಸರನ್ನೇ ಅದಕ್ಕೆ ಕೊಟ್ಟು ಮೆಣಸಿನಕಾಯಿ ಎಂದರು. ಸ್ಪೇನಿನವರೂ ತಮ್ಮ ಭಾಷೆಯ ಮೆಣಸಿನ ಹೆಸರನ್ನೇ ಅದಕ್ಕಿಟ್ಟುದು ವಿನೋದವಲ್ಲವೆ? ಪುಂಡಿಯ ಕುಲದ ಕೆಂಪು ಗಿಡವಾದರೋ ಆಫ್ರಿಕಾದಿಂದ ಆ ದ್ವೀಪಗಳಿಗೆ ಹೋಗಿ ನೆಲೆಸಿರುವುದು. ಜಮೈಕಾದವರು ಕ್ರಿಸ್ಮಸ್ ಹಬ್ಬಕ್ಕೆ ಅದರ ಕೆಂಪು ಪುಷ್ಪಕೋಶಗಳಿಂದ ಪಾನಕ ಮಾಡಿ ಕುಡಿಯುವರು. ಹೀಗೆ ಅವರ ಖಾರ ನಮ್ಮ ಬಾಣಲೆಯಲ್ಲಿ, ನಮ್ಮ ಹುಳಿಯ ಕುಲದ್ದು ಅವರ ಲೋಟದಲ್ಲಿ.

ಇನ್ನು ಪಾಕಕ್ರಮ. ಒಂದೇ ಬಾಣಲೆಯ ಅಡಿಗೆಗೆ ಮುಖ್ಯ ಸೂತ್ರವೊಂದೇ: ಗಟ್ಟಿಯಾದುದು ಮೊದಲು, ಹುಳಿಯಾದುದು ಕೊನೆಗೆ. ನಾಲ್ವರಿಗೆ ಅರ್ಧ ಬಟ್ಟಲು ಕಡಲೆಬೇಳೆಯನ್ನೂ ಎರಡು ಚಮಚ ಜೋಳದ ನುಚ್ಚನ್ನೂ ಒಂದು ಗಂಟೆ ನೆನೆಸಿಡತಕ್ಕದ್ದು. ಬಾಣಲೆಯಲ್ಲಿ ಮೂರು ಚಮಚ ಕುಸುಬೆ ಎಣ್ಣೆ ಕಾಯಿಸಿ, ಸಾಸಿವೆ ಜೀರಿಗೆ ಸಿಡಿಸಿ, ಹತ್ತು ಎಸಳು ಬೆಳ್ಳುಳ್ಳಿ, ಒಂದು ಈರುಳ್ಳಿ, ಆರು ಹಸಿಮೆಣಸಿನಕಾಯಿಗಳನ್ನು ಜಜ್ಜಿ ಹಾಕಿ ಹುರಿಯಬೇಕು. ಬಳಿಕ ಬೇಳೆ ನುಚ್ಚುಗಳನ್ನು ಹಾಕಿ, ಎರಡು ಬಟ್ಟಲು ನೀರೆರೆದು, ಮುಚ್ಚಿ, ಬೇಳೆ ಬೆರಳಿಗೆ ಮೆತ್ತಗಾಗುವವರೆಗೆ ಬೇಯಿಸಬೇಕು. ಬದನೆಕಾಯಿ ಬೇಕೆನಿಸಿದರೆ ಆಗ ಹಾಕಬಹುದು. ಎಲ್ಲವೂ ಬೆಂದ ಮೇಲೆಯೇ ಕಾಲು ಕಿಲೋ ಪುಂಡಿಯ ಎಲೆಯನ್ನು ಹೆಚ್ಚಿ ಹಾಕಿ, ಉಪ್ಪಿಟ್ಟು, ಹತ್ತು ನಿಮಿಷ ಕುದಿಸಿ, ಸೌಟಿನ ಬೆನ್ನಿನಿಂದ ಮಸೆಯಬೇಕು. ಹುಳಿ ಮೊದಲೇ ಬಿದ್ದರೆ ಬೇಳೆ ಎಷ್ಟು ಹೊತ್ತಾದರೂ ಮೆತ್ತಗಾಗದು. ಮಾಂಸಾಹಾರಿಗಳು ಬೇಳೆಯ ಸ್ಥಾನದಲ್ಲಿ ಕುರಿಮಾಂಸದ ಸಣ್ಣ ತುಂಡುಗಳನ್ನು ಮೊದಲು ಬಾಡಿಸಿ, ಬಿಸಿನೀರೆರೆದು, ಅದು ಚೆನ್ನಾಗಿ ಬೆಂದ ಮೇಲೆ ಸೊಪ್ಪು ಹಾಕುವರು. ಸೂತ್ರವು ಅಲ್ಲಿಯೂ ಅದೇ.

ಈ ಅಡಿಗೆಯನ್ನು ಕಬ್ಬಿಣದಲ್ಲಿಯೇ ಏಕೆ ಮಾಡಬೇಕೆಂಬುದು ಮುಂದಿನ ಪ್ರಶ್ನೆ. ಹುಳಿಯು ಕಬ್ಬಿಣದ ಅಂಶವನ್ನು ಕರಗಿಸಿ ಪಲ್ಯಕ್ಕೆ ಸೇರಿಸುವುದು. ಹೊಸ ಕಬ್ಬಿಣದ ಪಾತ್ರೆಗೆ ತ್ರಿಫಲೆಯ ಕಲ್ಕವನ್ನು ಲೇಪಿಸಿ, ಒಂದು ಹಗಲು ಒಂದು ರಾತ್ರಿ ಇರಿಸಿ, ಆ ಮೇಲೆ ಅದನ್ನು ಸೇವಿಸಬೇಕೆಂದು ಚರಕಸಂಹಿತೆಯ ರಸಾಯನಪ್ರಕರಣದಲ್ಲಿ ವಿಧಿಸಿರುವರು. 1999ರಲ್ಲಿ ಪ್ರಕಟವಾದ ಇಥಿಯೋಪಿಯಾದ ಪರೀಕ್ಷೆಯೊಂದರಲ್ಲಿಯೂ, ಅಲ್ಯೂಮಿನಿಯಮ್ ಪಾತ್ರೆಯ ಅಡಿಗೆ ಉಂಡ ಮಕ್ಕಳಿಗಿಂತ ಕಬ್ಬಿಣದ ಪಾತ್ರೆಯ ಅಡಿಗೆ ಉಂಡ ಮಕ್ಕಳ ರಕ್ತದಲ್ಲಿ ಹೆಚ್ಚಿನ ಸುಧಾರಣೆ ಕಂಡುಬಂದಿತು. ಇದು ಸಾಮಾನ್ಯ ಸಂಗತಿಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಸ್ತ್ರೀಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಮೆಟ್ಟಲೇರಿದರೆ ಏದುಸಿರು, ಹೊಲದಲ್ಲಿ ಬಗ್ಗಿದರೆ ಕಣ್ಣಿಗೆ ಕತ್ತಲೆ. ಮನೆಯವರು ಇದನ್ನು ಸೋಮಾರಿತನವೆಂದು ಹೀಯಾಳಿಸುವುದೂ ಉಂಟು!

ಮಾಂಸವು ಸೊಪ್ಪಿನ ಕಬ್ಬಿಣಾಂಶವೂ ಮೈಗೆ ಹತ್ತುವಂತೆ ಮಾಡುವುದು. ಸಸ್ಯಾಹಾರಿಗಳು ಉಣ್ಣುವಾಗ ನಿಂಬೆಹುಳಿಯನ್ನು ಹಿಂಡಿಕೊಳ್ಳಲಿ. ಊಟವಾದೊಡನೆ ಚಹಾ ಕುಡಿಯುವ ಚಟವನ್ನು ಇಬ್ಬರೂ ಬಿಡಲಿ. ಚಹಾವು ಆ ಅಂಶವನ್ನು ಮೈಗೆ ಹತ್ತಗೊಡದು. ರಕ್ತಹೀನತೆ ಬಲವಾಗಿದ್ದರೆ ಬಾಣಲೆಯನ್ನೇ ನಂಬಿ ಕುಳಿತುಕೊಳ್ಳದೆ ವೈದ್ಯರಲ್ಲಿಗೆ ಹೋಗಲೇಬೇಕು. ಮೂತ್ರಪಿಂಡದಲ್ಲಿ ಕಲ್ಲಾಗುವವರು ಪುಂಡಿಯನ್ನು ಮಿತವಾಗಿ ತಿನ್ನುವುದು ಲೇಸು.

ಬಾಣಲೆಯ ಉಪಚಾರವೂ ಕಷ್ಟವಾದುದಲ್ಲ. ಅಡಿಗೆಯಾದ ಕೂಡಲೇ ಪಲ್ಯವನ್ನು ಬೇರೆ ಪಾತ್ರೆಗೆ ತೆಗೆಯಬೇಕು. ಅದರಲ್ಲಿಯೇ ಬಿಟ್ಟರೆ ಕಪ್ಪಾಗಿ ಕಬ್ಬಿಣದ ಒಗರು ಹತ್ತುವುದು. ತೊಳೆದು, ಒಲೆಯ ಮೇಲೆ ಒಣಗಿಸಿ, ತುಸು ಎಣ್ಣೆ ಸವರಿಟ್ಟರೆ ತುಕ್ಕು ಹಿಡಿಯದು. ಹೀಗೆ ಬಳಸಿದ ಬಾಣಲೆ ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಸಲ್ಲುವುದು.

ಕೊನೆಯದಾಗಿ ಗೃಹಸ್ಥರಿಗೆ ಒಂದು ಮಾತು. ಅನೇಕ ಮನೆಗಳಲ್ಲಿ ಅಡಿಗೆ ಮಾಡಿದವಳೇ ಎಲ್ಲರಿಗಿಂತ ಕೊನೆಗೆ ಉಣ್ಣುವಳು. ಅಷ್ಟು ಹೊತ್ತಿಗೆ ಪಲ್ಯ ಮುಗಿದು, ರೊಟ್ಟಿಗೆ ಒಣಖಾರವೇ ಉಳಿದಿರುವುದು. ಬಾಣಲೆ ಎಷ್ಟು ಗುಣವುಳ್ಳದ್ದಾದರೇನು, ಯಾರಿಗೆ ಅದರ ಗುಣ ಅತ್ಯಾವಶ್ಯಕವೋ ಅವರ ತಟ್ಟೆಗೆ ಅದು ಮುಟ್ಟದಿದ್ದರೆ? ಆದುದರಿಂದ ಮುಂದಿನ ಸಂತೆಯಲ್ಲಿ ಒಂದು ಕಬ್ಬಿಣದ ಬಾಣಲೆಯನ್ನು ಕೊಂಡು ತನ್ನಿರಿ. ಪಲ್ಯವಾದೊಡನೆ ಆಕೆಯ ಪಾಲನ್ನು ಮೊದಲು ತೆಗೆದಿರಿಸಿ, ಆಮೇಲೆ ನೀವು ಊಟಕ್ಕೆ ಕುಳಿತುಕೊಳ್ಳಿರಿ.