ವಯಸ್ಸು ಮುಚ್ಚಿಟ್ಟು ಗೆದ್ದ ಕಪ್ ನಮಗೆ ಬೇಡ

ಚರ್ಚ್ ಹಬ್ಬದ ಫುಟ್‌ಬಾಲ್ ಪಂದ್ಯಗಳು ಬಂದಾಗ "ಒಬ್ಬ ದೊಡ್ಡ ಹುಡುಗ ಆಡಿದರೆ ಏನಾಯಿತು?" ಎಂಬ ಮಾತು ನಮ್ಮಲ್ಲೂ ಕೇಳಿಬರುತ್ತದೆ. ಏನಾಗುತ್ತದೆ ಎಂಬುದನ್ನು ಯುವಕರ ವಿಶ್ವ ಫುಟ್‌ಬಾಲ್‌ನ ಇತಿಹಾಸವೇ ಹೇಳುತ್ತದೆ.

ಇಪ್ಪತ್ತು ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಶಿಪ್ ಮೊದಲು ನಡೆದದ್ದು 1977ರಲ್ಲಿ, ಟುನೀಸಿಯಾದಲ್ಲಿ. ಫೈನಲ್‌ನಲ್ಲಿ ಮೆಕ್ಸಿಕೊ ಪೆನಾಲ್ಟಿ ಶೂಟೌಟ್‌ನಲ್ಲಿ ಸೋವಿಯತ್ ಒಕ್ಕೂಟಕ್ಕೆ ಸೋತಿತು. 1979ರಲ್ಲಿ ಜಪಾನಿನಲ್ಲಿ ಅರ್ಜೆಂಟೀನಾ ಗೆದ್ದಾಗ ಮರಡೋನಾಗೆ 18 ವರ್ಷ. ಇಂಥ ಎಳೆಯ ಪ್ರತಿಭೆಗಳು ಬೆಳಕಿಗೆ ಬರಲೆಂದೇ ವಯಸ್ಸಿನ ಮಿತಿ ಇರುವುದು.

ಆದರೆ ಅದೇ ಮೆಕ್ಸಿಕೊ 1988ರಲ್ಲಿ ಈ ಟೂರ್ನಿಯ ಅರ್ಹತಾ ಪಂದ್ಯಗಳಲ್ಲಿ ವಯಸ್ಸು ಮೀರಿದವರನ್ನು ಆಡಿಸಿ ಸಿಕ್ಕಿಬಿತ್ತು. ಫಿಫಾ ಆ ದೇಶದ ಎಲ್ಲ ತಂಡಗಳನ್ನೂ ಎರಡು ವರ್ಷ ಹೊರಗಿಟ್ಟಿತು. ತಪ್ಪೇ ಮಾಡದ ಹಿರಿಯ ಆಟಗಾರರೂ 1990ರ ವಿಶ್ವಕಪ್ ಕಳೆದುಕೊಂಡರು.

ಸುಳ್ಳು ವಯಸ್ಸಿನಿಂದ ಮೊದಲು ನಷ್ಟವಾಗುವುದು ಹೊರಗೆ ಕುಳಿತ ನಿಜವಾದ ಚಿಕ್ಕ ಹುಡುಗನಿಗೆ. ಅವನ ಜಾಗ ಕಿತ್ತುಕೊಂಡು ಗೆದ್ದ ಕಪ್ಪನ್ನು ದೇವರ ಮುಂದೆ ಯಾವ ಮುಖದಿಂದ ಇಡೋಣ?

ತಿದ್ದಿಕೊಂಡವರಿಗೆ ದಾರಿ ಮುಚ್ಚುವುದಿಲ್ಲ. 2005ರಲ್ಲಿ, ಮತ್ತೆ 2011ರಲ್ಲಿ ಹದಿನೇಳು ವರ್ಷದೊಳಗಿನವರ ವಿಶ್ವಕಪ್ ಗೆದ್ದದ್ದು ಮೆಕ್ಸಿಕೊ. ಮುಂದಿನ ಪಂದ್ಯಕ್ಕೆ ಹೆಸರು ಕೊಡುವಾಗ ನಾವೂ ಹುಟ್ಟಿದ ತಾರೀಕನ್ನು ಸರಿಯಾಗಿಯೇ ಬರೆಯೋಣ.