ಹಾಸಿಗೆಯ ಪಕ್ಕದ ಸಾಕ್ಷಿ

ತೀವ್ರ ನಿಗಾ ಘಟಕದಲ್ಲಿ ಮಲಗಿದ, ಚೇತರಿಕೆಯ ಆಸೆ ಉಳಿದಿಲ್ಲದ ರೋಗಿಗೆ ನೀಡುತ್ತಿರುವ ಕೃತಕ ಉಸಿರಾಟ ಮೊದಲಾದ ಜೀವಾಧಾರಕ ಚಿಕಿತ್ಸೆಯನ್ನು ನಿಲ್ಲಿಸಬಹುದೇ ಎಂಬುದನ್ನು ತೀರ್ಮಾನಿಸುವ ಕ್ರಮವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ರೂಪಿಸಿ, 2023ರಲ್ಲಿ ಸಡಿಲಗೊಳಿಸಿತು. ಚಿಕಿತ್ಸೆ ನೀಡುತ್ತಿರುವ ವೈದ್ಯರೂ ಐದು ವರ್ಷಕ್ಕೆ ಕಡಿಮೆಯಿಲ್ಲದ ಅನುಭವವುಳ್ಳ ಇಬ್ಬರಾದರೂ ತಜ್ಞರೂ ಸೇರಿದ ಪ್ರಾಥಮಿಕ ಮಂಡಳಿ ಅಭಿಪ್ರಾಯ ಕೊಡುತ್ತದೆ, ವೈದ್ಯರದೇ ಆದ ಎರಡನೆಯ ಮಂಡಳಿ ಅದನ್ನು ಪರಿಶೀಲಿಸುತ್ತದೆ. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಇದನ್ನು ಜಾರಿಗೊಳಿಸಲು ಸುತ್ತೋಲೆ ಹೊರಡಿಸಿತು. ಎರಡು ಮಂಡಳಿಗಳಲ್ಲಿಯೂ ಕಾಣದ ವ್ಯಕ್ತಿಯೆಂದರೆ ಇಡೀ ಪಾಳಿ ರೋಗಿಯ ಬಳಿಯೇ ಕಳೆಯುವ, ಕಡತಗಳಲ್ಲಿ ಶುಶ್ರೂಷಾಧಿಕಾರಿಯೆಂದೂ ವಾರ್ಡಿನಲ್ಲಿ ಸಿಸ್ಟರ್ ಎಂದೂ ಕರೆಯಲ್ಪಡುವ ದಾದಿ.

ವೈದ್ಯರ ಭೇಟಿ ದಿನದಲ್ಲಿ ಕೆಲವು ನಿಮಿಷಗಳದ್ದು. ಮಿಕ್ಕ ಹೊತ್ತಿನ ಅರಿವು ದಾದಿಯದು. ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವಾಗ, ಗಂಟಲಿಗಿಳಿಸಿದ ನಳಿಕೆಯಿಂದ ಕಫ ಹೀರುವಾಗ ರೋಗಿಯ ಹುಬ್ಬು ಗಂಟಿಕ್ಕಿತೇ, ಮುಷ್ಟಿ ಬಿಗಿಯಿತೇ, ಉಸಿರು ಯಂತ್ರದ ಲಯಕ್ಕೆ ಎದುರಾಡಿತೇ ಎಂಬುದು ಕಾಣುವುದು ಆಕೆಗೆ. ಮಾತಾಡಲಾರದ ರೋಗಿಯ ನೋವನ್ನು ಅಳೆಯಲು ಬಳಕೆಯಲ್ಲಿರುವ ಮಾಪಕವೊಂದು ನಿಂತಿರುವುದೂ ಇವೇ ಕುರುಹುಗಳ ಮೇಲೆ: ಮುಖಭಾವ, ದೇಹದ ಚಲನೆ, ಸ್ನಾಯುಗಳ ಬಿಗಿತ, ಯಂತ್ರದೊಂದಿಗಿನ ಹೊಂದಾಣಿಕೆ ಈ ನಾಲ್ಕಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕವಿಟ್ಟು, ಒಟ್ಟು ಎಂಟರಲ್ಲಿ ನೋವನ್ನು ಗುರುತಿಸಲಾಗುತ್ತದೆ. ಬಾಗಿಲ ಬಳಿ ಕಾದ ಮಗನೋ ಮಡದಿಯೋ ವೈದ್ಯರೆದುರು ತಲೆಯಾಡಿಸಿ, ಅವರು ಹೋದ ಮೇಲೆ ‘ಸಿಸ್ಟರ್, ನಿಜವಾಗಿ ಹೇಗಿದ್ದಾರೆ?’ ಎಂದು ಕೇಳುವುದೂ ಆಕೆಯನ್ನೇ.

ಈ ಅರಿವಿನ ತೂಕವನ್ನು ನ್ಯಾಯಾಲಯ ಒಮ್ಮೆ ಮನಗಂಡಿದ್ದುಂಟು. ಉತ್ತರ ಕನ್ನಡದ ಹಳದೀಪುರದವರಾದ ಅರುಣಾ ಶಾನಭಾಗ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದು, 1973ರ ನವೆಂಬರಿನಲ್ಲಿ ಅಲ್ಲಿಯೇ ನಡೆದ ಹಲ್ಲೆಯಿಂದ ಮೆದುಳಿಗೆ ಏಟಾಗಿ, 2015ರ ಮೇ 18ರಂದು ಸಾಯುವವರೆಗೆ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಅವರಿಗೆ ಆಹಾರ ಕೊಡುವುದನ್ನು ನಿಲ್ಲಿಸಬೇಕೆಂದು ಲೇಖಕಿಯೊಬ್ಬರು ಹಾಕಿದ ಅರ್ಜಿಯನ್ನು 2011ರಲ್ಲಿ ವಿಚಾರಿಸಿದ ಸುಪ್ರೀಂ ಕೋರ್ಟ್ ಮೂವರು ವೈದ್ಯರಿಂದ ಪರೀಕ್ಷೆ ಮಾಡಿಸಿತು. ಆದರೆ ಮಲಮೂತ್ರದ ಹೊತ್ತಿಗೆ ಆಕೆ ಹೊರಡಿಸುವ ಸದ್ದಿನ ಅರ್ಥ ದಾದಿಯರಿಗೆ ತಿಳಿಯುತ್ತದೆಂಬ ವಿವರ ಬಂದದ್ದು ಆಸ್ಪತ್ರೆಯ ಕಡೆಯಿಂದ, ಅಂದರೆ ನಿತ್ಯದ ಒಡನಾಟದಿಂದ. ಅರ್ಜಿ ಹಾಕಿದ ಲೇಖಕಿಯಲ್ಲ, ಆಸ್ಪತ್ರೆಯ ಸಿಬ್ಬಂದಿಯೇ ಆಕೆಯ ಪರವಾಗಿ ಮಾತಾಡಬಲ್ಲ ನಿಜವಾದ ಆಪ್ತರೆಂದು ನ್ಯಾಯಾಲಯ ಹೇಳಿತು. ಆ ಸಿಬ್ಬಂದಿಗೆ ಆಕೆ ಬದುಕಿರಬೇಕಿತ್ತು, ಅರ್ಜಿ ತಿರಸ್ಕೃತವಾಯಿತು.

ಇದೇ ಪ್ರಸಂಗವನ್ನು ವಿರುದ್ಧದ ವಾದಕ್ಕೂ ಬಳಸಬಹುದು. ಹತ್ತಾರು ವರ್ಷ ಉಣಿಸಿ, ಮೀಯಿಸಿ, ಮಗ್ಗುಲು ಬದಲಿಸಿದ ಕೈ ಬಿಡಲೊಲ್ಲದ ಕೈಯಾಗುತ್ತದೆ, ಮಮತೆ ತೀರ್ಪನ್ನು ಮಸುಕಾಗಿಸುತ್ತದೆ ಎಂಬ ಆಕ್ಷೇಪ ಹುರುಳಿಲ್ಲದ್ದಲ್ಲ. ತದ್ವಿರುದ್ಧವಾಗಿ, ಒಬ್ಬಳೇ ಇಬ್ಬರು ಮೂವರು ರೋಗಿಗಳನ್ನು ನೋಡಿಕೊಳ್ಳಬೇಕಾದ ಕಡೆ ದಣಿವೇ ‘ಇನ್ನು ಸಾಕು’ ಎನಿಸಲೂಬಹುದು. ಆದರೆ ಈ ಆಕ್ಷೇಪಗಳು ತಾಕುವುದು ದಾದಿಗೆ ಮತ ಕೊಡುವ ಸಲಹೆಗೆ, ಆಕೆಯ ಸಾಕ್ಷ್ಯಕ್ಕಲ್ಲ. ತೀರ್ಮಾನದ ಹೊಣೆಯನ್ನು, ಕಾನೂನಿನ ಭಾರವನ್ನೂ ಸೇರಿಸಿ, ವೈದ್ಯರೇ ಹೊರಲಿ. ರೋಗಿ ಕಳೆದ ಮೂರು ರಾತ್ರಿ ಹೇಗಿದ್ದ, ಯಾವ ಸ್ಪರ್ಶಕ್ಕೆ ನರಳಿದ, ಪ್ರಜ್ಞೆ ತಪ್ಪುವ ಮೊದಲು ಏನು ಬೇಡವೆಂದಿದ್ದ ಎಂಬುದನ್ನು ಮಾತ್ರ ಕಂಡವರಿಂದಲೇ ಕೇಳಿ ಬರೆದುಕೊಳ್ಳಬೇಕು.

ಯಂತ್ರ ನಿಲ್ಲಿಸಿದ ಮೇಲಿನ ಗಂಟೆಗಳೂ ದಾದಿಯ ಪಾಲಿನವೇ: ಏದುಸಿರು ತಗ್ಗಲು ಬರೆದುಕೊಟ್ಟ ಮಾರ್ಫಿನ್ ಕೊಡುವುದು, ಒಣಗಿದ ತುಟಿ ಒದ್ದೆ ಮಾಡುವುದು, ಅಲಾರಂಗಳ ಸದ್ದಡಗಿಸಿ ಮನೆಯವರನ್ನು ಹತ್ತಿರ ಕೂರಿಸುವುದು. ಯಾವ ತೀರ್ಮಾನದಲ್ಲಿ ತನ್ನ ಮಾತಿಗೆ ಎಡೆಯಿರಲಿಲ್ಲವೋ ಅದನ್ನೇ ಆಕೆ ಕೈಯಾರೆ ನಡೆಸಿಕೊಡಬೇಕಾಗುತ್ತದೆ. ಮಂಡಳಿಯ ಮುಂದಿಡುವ ಕಡತದಲ್ಲಿ ದಾದಿಯ ಹೇಳಿಕೆಗೆ ಒಂದು ಪುಟ ಸೇರಿಸಲು ಹೊಸ ಕಾನೂನಾಗಲಿ, ಇನ್ನೊಂದು ತೀರ್ಪಾಗಲಿ ಬೇಕಿಲ್ಲ. ಆಯಾ ಆಸ್ಪತ್ರೆಯ ಒಂದು ಆದೇಶ ಸಾಕು.