ನಾಮಾರ್ಥ ವಿಚಾರ: ಹೈದರ್

ಈ ತಿಂಗಳು ನಾವು ಕನ್ನಡಿಗರ ಕಿವಿಗೆ ಚಿರಪರಿಚಿತವಾದ ಒಂದು ಅರಬ್ಬೀ ಹೆಸರನ್ನು ವಿಚಾರಕ್ಕೆ ತೆಗೆದುಕೊಂಡಿದ್ದೇವೆ. ಹೈದರ್ ಎಂಬುದೇ ಆ ಹೆಸರು. ಮೈಸೂರು ಸೀಮೆಯ ಆಡುಮಾತಿನಲ್ಲಿ ಹುಡುಗನನ್ನು ‘ಹೈದ’ ಎಂದು ಕರೆಯುವುದುಂಟು. ಧ್ವನಿಸಾಮ್ಯವನ್ನು ಕಂಡು ಎರಡೂ ಒಂದೇ ಎಂದು ವಾಚಕರು ಎಣಿಸಬಾರದು. ಅದು ಕನ್ನಡದ ಮಾತು, ಇದು ಅರಬ್ಬರದು.

ಹೈದರ್ ಎಂದರೆ ಸಿಂಹ. ನಮ್ಮ ಸಂಸ್ಕೃತದಲ್ಲಿ ಸಿಂಹ, ಕೇಸರಿ, ಮೃಗರಾಜ, ಪಂಚಾನನ ಮೊದಲಾದ ಪರ್ಯಾಯ ಪದಗಳಿರುವಂತೆಯೇ ಅರಬ್ಬೀ ಭಾಷೆಯಲ್ಲಿಯೂ ಆ ಮೃಗಕ್ಕೆ ಹೆಸರುಗಳು ಹೇರಳ. ಅಸದ್, ಉಸಾಮಾ ಎಂಬ ಹೆಸರುಗಳೂ ಸಿಂಹಾರ್ಥದವೇ. ಅಬ್ಬಾಸ್ ಎಂದರೆ ಹುಬ್ಬು ಗಂಟಿಕ್ಕಿದ ಸಿಂಹ.

ಇವುಗಳಲ್ಲಿ ಹೈದರ್ ಎಂಬುದಕ್ಕೆ ವಿಶೇಷ ಗೌರವವು ಬಂದುದು ಪೈಗಂಬರರ ಅಳಿಯಂದಿರೂ ನಾಲ್ಕನೆಯ ಖಲೀಫರೂ ಆದ ಅಲಿಯವರಿಂದ. ಅವರ ತಾಯಿ ಫಾತಿಮಾ. ಆಕೆಯ ತಂದೆ ಅಸದ್. ತಾಯಿಯು ತನ್ನ ತಂದೆಯ ಹೆಸರಿನ ಅರ್ಥವು ಉಳಿಯುವಂತೆ ಮಗುವನ್ನು ಹೈದರ್ ಎಂದು ಕರೆದಳೆಂದು ಸಂಪ್ರದಾಯವು ಹೇಳುತ್ತದೆ. ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ನಮ್ಮ ಮನೆಗಳವರಿಗೆ ಆ ತಾಯಿಯ ಮನಸ್ಸು ಸುಲಭವಾಗಿ ತಿಳಿದೀತು. ಕ್ರಿ. ಶ. 628ರ ಖೈಬರ್ ಯುದ್ಧದಲ್ಲಿ ಅಲಿಯವರು ತಮ್ಮನ್ನು ಎದುರಾಳಿಗೆ ಪರಿಚಯಿಸಿಕೊಂಡುದು ತಾಯಿಯಿಟ್ಟ ಈ ಹೆಸರಿನಿಂದಲೇ ಎಂಬ ಪ್ರತೀತಿಯೂ ಇದೆ. ‘ಗುಲಾಮ್ ಹೈದರ್’ ಎಂಬ ಹೆಸರಿಗೆ ಅವರ ಸೇವಕನೆಂದು ಅರ್ಥ. ನಮ್ಮ ರಾಮದಾಸನ ಹೆಸರಿನಲ್ಲಿರುವ ಭಾವವೇ ಅದು.

ಮೈಸೂರನ್ನಾಳಿ 1782ರಲ್ಲಿ ಕಾಲವಾದ ಹೈದರಾಲಿಯ ಹೆಸರಿನಲ್ಲಿರುವ ಎರಡು ಪದಗಳೂ ಆ ಒಬ್ಬ ಮಹಾಪುರುಷರವೇ. ಆತನು 1763ರಲ್ಲಿ ಕೆಳದಿ ಅರಸರ ರಾಜಧಾನಿಯಾದ ಬಿದನೂರನ್ನು ಗೆದ್ದು ಅದಕ್ಕೆ ಹೈದರ್ ನಗರವೆಂದು ನಾಮಕರಣ ಮಾಡಿದನು. ಇಂದು ಶಿವಮೊಗ್ಗ ಜಿಲ್ಲೆಯ ಆ ಊರು ಬರಿಯ ‘ನಗರ’. ಗೆದ್ದವನ ಹೆಸರು ಜನರ ನಾಲಗೆಯಿಂದ ಜಾರಿತು, ಬಾಲಮಾತ್ರ ಉಳಿಯಿತು. 1591ರಲ್ಲಿ ಕಟ್ಟಲ್ಪಟ್ಟ ಹೈದರಾಬಾದು ಅಲಿಯವರ ಈ ಬಿರುದನ್ನೇ ಹೊತ್ತಿದೆಯೆಂಬ ವಿವರಣೆಯುಂಟು. ಆ ನಗರದ ಹೆಸರನ್ನು ಧರಿಸಿದ್ದ ನಮ್ಮ ಹೈದರಾಬಾದ್ ಕರ್ನಾಟಕವು 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು.

ಊರುಗಳ ಹೆಸರನ್ನು ಅರಸರು ಇಡುತ್ತಾರೆ, ಸರ್ಕಾರಗಳು ಬದಲಿಸುತ್ತವೆ. ಮಗುವಿನ ಹೆಸರಾದರೋ ತೊಟ್ಟಿಲ ಬಳಿಯಲ್ಲಿ ಹುಟ್ಟತಕ್ಕದ್ದು. ಅದರಲ್ಲಿ ಅಧಿಕಾರಕ್ಕಿಂತ ಹಾರೈಕೆಯೇ ಹೆಚ್ಚು. ಅರ್ಥವನ್ನರಿಯದೆ ಕೇಳಿದಾಗ ಪರರ ಹೆಸರು ಬರಿಯ ಸದ್ದು, ಕೆಲವೊಮ್ಮೆ ಅನುಮಾನಕ್ಕೂ ಕಾರಣ. ಒಂದೇ ಬೀದಿಯಲ್ಲಿ ನರಸಿಂಹನೂ ಹೈದರನೂ ಕೂಡಿ ಆಡುತ್ತಿದ್ದರೆ, ಇಬ್ಬರು ತಾಯಂದಿರೂ ತಮ್ಮ ಕಂದನಿಗೆ ಸಿಂಹದ ಧೈರ್ಯವನ್ನೇ ಬಯಸಿದರೆಂದು ಗೃಹಸ್ಥರು ತಮ್ಮ ಮಕ್ಕಳಿಗೆ ತಿಳಿಯಹೇಳಬೇಕೆಂದು ನಾವು ಕೋರುತ್ತೇವೆ.